ಅಹವಾಲು: ವಸೂಲಿಗೂ ಮೊದಲು ಬರಬೇಕಾದ ಪದ

"ನಂದೇನೂ ಕೇಳಲೇ ಇಲ್ಲಲ್ರಿ ಅವ್ರು."

2024ರ ಆಗಸ್ಟ್ ಮೊದಲ ವಾರ. ವಿಜಯಪುರದಲ್ಲಿ ಲೆಕ್ಕ ಬರೆಯುವ ನಮ್ಮ ಸಣ್ಣ ಆಫೀಸಿಗೆ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ಬಂದರು. ಕೂತವರು ಫೋನನ್ನು ನನ್ನ ಕಡೆ ತಿರುಗಿಸಿ ಈ ಒಂದೇ ಮಾತು ಹೇಳಿದರು. ಫೋನಿನಲ್ಲಿ ಜಿಎಸ್‌ಟಿ ಆದೇಶದ ಪಿಡಿಎಫ್ ಇತ್ತು. 2018-19ರ ಸಾಲಿಗೆ ತೆರಿಗೆ 1,80,000 ರೂಪಾಯಿ. ಅದರ ಮೇಲೆ ಐದು ವರ್ಷದ ಬಡ್ಡಿ. ಜೊತೆಗೆ ದಂಡ 18,000. ಕಾರಣ ಏನು ಅಂತ ನೋಡಿದರೆ ಒಂದೇ ಸಾಲು: ನೋಟಿಸಿಗೆ ಉತ್ತರ ಬಂದಿಲ್ಲ, ಆದ್ದರಿಂದ ಬೇಡಿಕೆ ಖಾಯಂ.

ಅವರು ಆಡಿದ ಮಾತಿಗೆ ಕನ್ನಡದಲ್ಲಿ ಒಂದು ಒಳ್ಳೆಯ ಹೆಸರಿದೆ. ಅಹವಾಲು.

ಈ ಪದ ಅರಬ್ಬಿ ಮೂಲದ್ದು. 'ಹಾಲ್' ಅಂದರೆ ಸ್ಥಿತಿ. ಅದರ ಬಹುವಚನ 'ಅಹ್ವಾಲ್'. ನಾವು ದಿನಾ ಬಳಸುವ 'ಹಾಲತ್' ಕೂಡ ಅದೇ ಬೇರಿನದು. ಅಹವಾಲು ಹೇಳಿಕೊಳ್ಳುವುದು ಅಂದರೆ 'ನನ್ನ ಸ್ಥಿತಿ ಹೀಗಿದೆ, ನಡೆದದ್ದು ಇದು' ಅಂತ ತೀರ್ಮಾನ ಮಾಡುವವರ ಮುಂದೆ ಇಡುವುದು. ಆದಿಲ್‌ಶಾಹಿಗಳ ಊರಾದ ವಿಜಯಪುರದಲ್ಲಿ ಕಚೇರಿ ಮಾತಿನ ತುಂಬ ಇಂಥ ಪದಗಳೇ. ಅರ್ಜಿ, ತಕರಾರು, ದಾಖಲೆ, ಜಪ್ತಿ, ವಸೂಲಿ ಎಲ್ಲವೂ ಅರಬ್ಬಿ, ಪಾರಸಿ ಕಡೆಯಿಂದಲೇ ಬಂದವು. ಆದರೆ ಅವು ಯಾವ ಸಾಲಿನಲ್ಲಿ ನಿಲ್ಲುತ್ತವೆ ಅನ್ನುವುದು ಮುಖ್ಯ. ಅಹವಾಲು ಮೊದಲು, ವಸೂಲಿ ಆಮೇಲೆ. ತೆರಿಗೆದಾರನ ಹಕ್ಕು ಅಂತ ನಾವು ಏನನ್ನು ಕರೆಯುತ್ತೇವೋ ಅದರ ಮುಕ್ಕಾಲು ಪಾಲು ಈ ಸಾಲಿನಲ್ಲೇ ಇದೆ.

ವಕೀಲರು ಇದನ್ನೇ ಸಹಜ ನ್ಯಾಯ ಅನ್ನುತ್ತಾರೆ. ಎದುರಿನವರ ಮಾತು ಕೇಳದೆ ಅವರ ವಿರುದ್ಧ ತೀರ್ಮಾನ ಮಾಡಬೇಡ, ಇಷ್ಟೇ ಅದರ ತಿರುಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಅದೇ. ಸಂವಿಧಾನದ 265ನೇ ವಿಧಿ ಕಾನೂನಿನ ಆಧಾರವಿಲ್ಲದೆ ತೆರಿಗೆ ಹಾಕಬಾರದು ಅನ್ನುತ್ತದೆ, ವಸೂಲಿಯನ್ನೂ ಮಾಡಬಾರದು ಅನ್ನುತ್ತದೆ. ತೆರಿಗೆ ಹಾಕುವ ಅಧಿಕಾರ ಇದ್ದರೆ ಮಾತ್ರ ಸಾಲದು, ವಸೂಲಿಯ ದಾರಿಯೂ ಸರಿಯಾಗಿರಬೇಕು.

ಜಿಎಸ್‌ಟಿ ಕಾಯ್ದೆಯಲ್ಲಿ ಆ ದಾರಿ 75ನೇ ಕಲಮಿನಲ್ಲಿದೆ. ವ್ಯಾಪಾರ ಮಾಡುವ ಪ್ರತಿಯೊಬ್ಬರೂ ಈ ಒಂದು ಕಲಮನ್ನಾದರೂ ಓದಿರಬೇಕು ಅಂತ ನನ್ನ ಆಸೆ. ಅದರ 4ನೇ ಉಪಕಲಮು ಹೇಳುವುದು ಇದು: ತೆರಿಗೆದಾರ ಬರವಣಿಗೆಯಲ್ಲಿ ಕೇಳಿದರೆ ಖುದ್ದು ವಿಚಾರಣೆಗೆ ಅವಕಾಶ ಕೊಡಲೇಬೇಕು. ಅವರು ಕೇಳದಿದ್ದರೂ, ಅವರ ವಿರುದ್ಧ ಆದೇಶ ಮಾಡುವ ಯೋಚನೆ ಇದ್ದರೆ ಆಗಲೂ ಕೊಡಲೇಬೇಕು. ಕಲಮಿನಲ್ಲಿ ಈ ಎರಡರ ನಡುವೆ ಇರುವ 'ಅಥವಾ' ತುಂಬ ಬೆಲೆಬಾಳುವ ಪದ. ಆನ್‌ಲೈನ್ ಉತ್ತರದ ಫಾರಂ ಡಿಆರ್‌ಸಿ-06ರಲ್ಲಿ ಖುದ್ದು ವಿಚಾರಣೆ ಬೇಕಾ ಅಂತ ಕೇಳುವ ಜಾಗ ಇದೆ. ಗಡಿಬಿಡಿಯಲ್ಲಿ ಎಷ್ಟೋ ಜನ 'ಬೇಡ' ಅಂತ ಒತ್ತಿಬಿಡುತ್ತಾರೆ. ಹಾಗೆ ಒತ್ತಿದ್ದರೂ, ವಿರುದ್ಧ ಆದೇಶ ಮಾಡುವಾಗ ವಿಚಾರಣೆ ತಪ್ಪಿಸುವಂತಿಲ್ಲ ಅಂತ ಅಲಹಾಬಾದ್ ಹೈಕೋರ್ಟ್ ಹೇಳಿದೆ. ಹಾಗಂತ ನೀವು 'ಬೇಡ' ಒತ್ತಬೇಡಿ. 'ಬೇಕು' ಒತ್ತಿ, ಉತ್ತರದ ಕೊನೆಯಲ್ಲೂ ಒಂದು ಸಾಲು ಬರೆಯಿರಿ.

ಅದೇ ಕಲಮಿನ ಮುಂದಿನ ಸಾಲುಗಳೂ ನಮ್ಮ ಕಡೆಯವೇ. ಸರಿಯಾದ ಕಾರಣ ತೋರಿಸಿದರೆ ವಿಚಾರಣೆಯನ್ನು ಮುಂದಕ್ಕೆ ಹಾಕಿಸಿಕೊಳ್ಳಬಹುದು, ಹೆಚ್ಚೆಂದರೆ ಮೂರು ಸಲ. ಯಾವ ಸಂಗತಿ ನೋಡಿ ಈ ತೀರ್ಮಾನಕ್ಕೆ ಬಂದೆ ಅಂತ ಅಧಿಕಾರಿ ಆದೇಶದಲ್ಲೇ ಬರೆಯಬೇಕು. ನೋಟಿಸಿನಲ್ಲಿ ಹೇಳಿದ್ದಕ್ಕಿಂತ ಜಾಸ್ತಿ ಮೊತ್ತ ಆದೇಶದಲ್ಲಿ ಬರುವಂತಿಲ್ಲ. ನೋಟಿಸಿನಲ್ಲಿ ಇಲ್ಲದ ಹೊಸ ಕಾರಣವೂ ಬರುವಂತಿಲ್ಲ. ಒಂದು ಲಕ್ಷ ಅಂತ ಕೇಳಿ ಒಂದೂವರೆ ಲಕ್ಷ ಹಾಕಿದರೆ ಆ ಆದೇಶಕ್ಕೆ ಬಲ ಇಲ್ಲ.

ಕಾಗದ ತೋರಿಸದೆ ತೆರಿಗೆ ಹಾಕಿದರೆ? ಇದಕ್ಕೆ ಸುಪ್ರೀಂ ಕೋರ್ಟ್ 1980ರಲ್ಲೇ ಉತ್ತರ ಕೊಟ್ಟಿದೆ. ಕಿಶನ್‌ಚಂದ್ ಚೆಲ್ಲಾರಾಮ್ ಅನ್ನುವ ಸಂಸ್ಥೆಯ ಇನ್‌ಕಂ ಟ್ಯಾಕ್ಸ್ ಪ್ರಕರಣ ಅದು. ಮದ್ರಾಸಿನಿಂದ ಮುಂಬೈಗೆ ಟೆಲಿಗ್ರಾಂ ಮೂಲಕ 1,07,350 ರೂಪಾಯಿ ಹೋಗಿತ್ತು. ಇಲಾಖೆ ಬ್ಯಾಂಕ್ ಮ್ಯಾನೇಜರ್‌ಗೆ ಕಾಗದ ಬರೆದು ಉತ್ತರ ತರಿಸಿಕೊಂಡಿತು. ಆ ಉತ್ತರವನ್ನೇ ನಂಬಿ, ಇದು ಸಂಸ್ಥೆ ಮುಚ್ಚಿಟ್ಟ ಆದಾಯ ಅಂತ ತೆರಿಗೆ ಹಾಕಿತು. ಸಂಸ್ಥೆಗೆ ಮಾತ್ರ ಆ ಕಾಗದವನ್ನು ಸಕಾಲಕ್ಕೆ ತೋರಿಸಿರಲಿಲ್ಲ. ತೆರಿಗೆ ಅಧಿಕಾರಿಗೆ ಕೋರ್ಟಿನಷ್ಟು ಬಿಗಿಯಾದ ಸಾಕ್ಷ್ಯದ ನಿಯಮ ಇಲ್ಲ, ನಿಜ. ಆದರೆ ಯಾರ ವಿರುದ್ಧ ಒಂದು ಕಾಗದವನ್ನು ಬಳಸುತ್ತೀರೋ ಅವರಿಗೆ ಅದನ್ನು ತೋರಿಸಬೇಕು, ಬರೆದವರನ್ನು ಪಾಟೀಸವಾಲಿಗೆ ಕೇಳಿಕೊಳ್ಳುವ ಅವಕಾಶ ಇರಬೇಕು ಅಂದಿತು ಕೋರ್ಟ್. ಇಲಾಖೆ ಸೋತಿತು. ಮುಂದೆ 2015ರಲ್ಲಿ ಆಂಡಮಾನ್ ಟಿಂಬರ್ ಪ್ರಕರಣದಲ್ಲೂ ಹೀಗೇ ಆಯಿತು. ಸಾಕ್ಷಿಗಳ ಹೇಳಿಕೆಯ ಮೇಲೆ ನಿಂತ ಆದೇಶ, ಪಾಟೀಸವಾಲಿಗೆ ಬಿಡದಿದ್ದರೆ ನಿಲ್ಲುವುದಿಲ್ಲ ಅಂತ ಕೋರ್ಟ್ ಹೇಳಿತು. ನೋಟಿಸಿನಲ್ಲಿ 'ಲಭ್ಯ ಮಾಹಿತಿಯ ಪ್ರಕಾರ' ಅಂತಷ್ಟೇ ಇದ್ದರೆ ಆ ಮಾಹಿತಿಯ ಪ್ರತಿ ಕೊಡಿ ಅಂತ ಕೇಳುವ ಧೈರ್ಯ ನಮಗೆ ಬರುವುದು ಈ ತೀರ್ಪುಗಳಿಂದ.

ಇನ್ನೊಂದು ಮಾತು, ನೋಟಿಸು ಬೇರೆ, ಆದೇಶ ಬೇರೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ನೋಡಿ ವಾಣಿಜ್ಯ ತೆರಿಗೆ ಇಲಾಖೆ ಕಳಿಸಿದ ನೋಟಿಸುಗಳು ರಾಜ್ಯದ ಸಣ್ಣ ಅಂಗಡಿಗಳನ್ನೆಲ್ಲ ನಡುಗಿಸಿದವು. ಸರಕಿನ ವ್ಯಾಪಾರ ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು ಅನ್ನುವುದು ಅದರ ಆಧಾರ. ಹಾವೇರಿಯ ಒಬ್ಬ ತರಕಾರಿ ವ್ಯಾಪಾರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷದ ನೋಟಿಸು ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಎಷ್ಟೋ ಅಂಗಡಿಯವರು ಹೆದರಿ ಕ್ಯೂಆರ್ ಕೋಡ್ ಕಿತ್ತು, 'ನಗದು ಮಾತ್ರ' ಅಂತ ಬೋರ್ಡ್ ಹಾಕಿದರು. ನನಗೆ ಆಗ ನಿಜಕ್ಕೂ ಸಂಕಟವಾಗಿತ್ತು. ನೋಟಿಸು ಅಂದರೆ ಪ್ರಶ್ನೆ. 'ಇದರ ಬಗ್ಗೆ ನೀವೇನು ಹೇಳುತ್ತೀರಿ' ಅಂತ ಕೇಳುವ ಕಾಗದ. ನಾನು ಮಾರಿದ್ದು ತರಕಾರಿ, ಈ ಹಣ ತಮ್ಮ ಕೊಟ್ಟ ಕೈಗಡ, ಇದು ಮನೆ ಬಾಡಿಗೆ ಅಂತ ಅಹವಾಲು ಹೇಳಲು ಅಲ್ಲಿ ಜಾಗ ಇದೆ. ಇಲಾಖೆಯೂ ಆಮೇಲೆ ಇದನ್ನೇ ಹೇಳಿತು. ಆದರೆ ಕಾಗದದ ಮೇಲಿನ ಅಂಕಿ ನೋಡಿದವನಿಗೆ ಅದು ಪ್ರಶ್ನೆ ಅಂತ ಅನ್ನಿಸುವುದಾದರೂ ಹೇಗೆ? ನೋಟಿಸಿನ ತಲೆಯ ಮೇಲೆ ದೊಡ್ಡ ಕನ್ನಡ ಅಕ್ಷರದಲ್ಲಿ 'ಇದು ಆದೇಶವಲ್ಲ, ಉತ್ತರಿಸಿ' ಅಂತ ಬರೆದರೆ ಎಷ್ಟೋ ಮನೆಗಳ ನಿದ್ದೆ ಉಳಿಯುತ್ತದೆ.

ನಮ್ಮ ಜಿಲ್ಲೆಗೆ ಹತ್ತಿರದ ಇನ್ನೊಂದು ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ. ರೈತ ತಾನು ಬೆಳೆದು ಒಣಗಿಸಿದ ದ್ರಾಕ್ಷಿ ಮಾರಿದರೆ ಜಿಎಸ್‌ಟಿ ಕಟ್ಟಬೇಕಿಲ್ಲ ಅಂತ 2024ರ ಡಿಸೆಂಬರಿನ ಜಿಎಸ್‌ಟಿ ಮಂಡಳಿ ಸಭೆ ಸ್ಪಷ್ಟ ಮಾಡಿದೆ. ತಿಕೋಟಾ ಕಡೆಯ ರೈತರಿಗೆ ಯಾರಾದರೂ ನೋಟಿಸು ಕೊಟ್ಟರೆ ಅಹವಾಲಿನ ಮೊದಲ ಸಾಲು ಇದೇ ಆಗಲಿ.

ಈಗ ಆ ವ್ಯಾಪಾರಿಯ ಕತೆಗೆ ಬರುತ್ತೇನೆ. ಅವರಿಗೆ ನೋಟಿಸು ಬಂದಿತ್ತು, 2023ರ ಡಿಸೆಂಬರಿನಲ್ಲಿ. ಆದರೆ ಪೋರ್ಟಲ್‌ನಲ್ಲಿ ನಾವು ನೋಟಿಸು ಹುಡುಕುವ ಜಾಗದಲ್ಲಿ ಅದು ಇರಲಿಲ್ಲ. 'ಹೆಚ್ಚುವರಿ ನೋಟಿಸು ಮತ್ತು ಆದೇಶ' ಅನ್ನುವ ಇನ್ನೊಂದು ಮೂಲೆಯಲ್ಲಿತ್ತು. ಮೆಸೇಜು, ಇಮೇಲು ಹೋಗಿದ್ದು ಎಂದೋ ಕೆಲಸ ಬಿಟ್ಟ ಹಳೇ ಗುಮಾಸ್ತರ ನಂಬರಿಗೆ. ಪೋರ್ಟಲ್‌ಗೆ ಹಾಕಿದರೂ ನೋಟಿಸು ಕೊಟ್ಟ ಹಾಗೆಯೇ ಅಂತ 169ನೇ ಕಲಮು ಹೇಳುತ್ತದೆ. ಆದರೂ ಆ ಮೂಲೆಯಲ್ಲಿ ಹಾಕಿದ ನೋಟಿಸು ಕಣ್ಣಿಗೆ ಬಿದ್ದಿಲ್ಲ ಅನ್ನುವ ಕಾರಣಕ್ಕೆ ಮದ್ರಾಸ್, ದೆಹಲಿ ಹೈಕೋರ್ಟ್‌ಗಳು ಎಷ್ಟೋ ಆದೇಶಗಳನ್ನು ರದ್ದು ಮಾಡಿ, ಮತ್ತೆ ಕೇಳಿ ಅಂತ ವಾಪಸ್ ಕಳಿಸಿವೆ.

ತಕರಾರು ಇದ್ದದ್ದು ರಟ್ಟಿನ ಬಾಕ್ಸಿನ ಬಿಲ್ಲುಗಳ ಮೇಲೆ. ಬಾಕ್ಸ್ ಮಾರಿದವರು ತೆರಿಗೆ ಕಟ್ಟಿದ್ದರು. ಆದರೆ ರಿಟರ್ನ್‌ನಲ್ಲಿ ಇವರ ಜಿಎಸ್‌ಟಿ ನಂಬರ್ ಹಾಕದೆ, ನೋಂದಣಿ ಇಲ್ಲದ ಗಿರಾಕಿಗೆ ಮಾರಿದ ಹಾಗೆ ತೋರಿಸಿದ್ದರು. ಹಾಗಾಗಿ ಇವರು ಪಡೆದ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಂಡದ್ದು, ತಾಳೆ ಆಗಲಿಲ್ಲ. ಇಂಥ ತಪ್ಪಿಗೆ ದಾರಿ ಇದೆ. 2017-18 ಮತ್ತು 2018-19ರ ಸಾಲಿಗೆ, ಒಬ್ಬ ಮಾರಾಟಗಾರರ ಲೆಕ್ಕದಲ್ಲಿ ವ್ಯತ್ಯಾಸ ಐದು ಲಕ್ಷದೊಳಗಿದ್ದರೆ ಅವರ ಪ್ರಮಾಣಪತ್ರ ಸಾಕು, ಅದಕ್ಕಿಂತ ಜಾಸ್ತಿ ಆದರೆ ಸಿಎ ಪ್ರಮಾಣಪತ್ರ ಬೇಕು ಅಂತ ಪರೋಕ್ಷ ತೆರಿಗೆ ಮಂಡಳಿಯ 183ನೇ ಸುತ್ತೋಲೆ 2022ರ ಡಿಸೆಂಬರಿನಲ್ಲೇ ಹೇಳಿತ್ತು. ಅಂದರೆ ಯಾರಾದರೂ ಒಮ್ಮೆ ಕರೆದು ಕೇಳಿದ್ದರೆ ಒಂದು ಹಾಳೆಯಲ್ಲಿ ಮುಗಿಯುವ ಕೆಲಸ ಅದು.

ಆದೇಶ ಕೈ ಸೇರಿದ ಮೂರು ತಿಂಗಳೊಳಗೆ ಮೇಲ್ಮನವಿ ಹಾಕಬೇಕು. ತಡವಾದರೆ ಸರಿಯಾದ ಕಾರಣ ಕೊಟ್ಟು ಇನ್ನೊಂದು ತಿಂಗಳು ಸಿಗಬಹುದು. ಅದು ದಾಟಿದರೆ ಆ ಬಾಗಿಲು ಮುಚ್ಚಿದ ಹಾಗೆಯೇ. ಆದೇಶ ಆಗಿದ್ದು ಏಪ್ರಿಲ್ ಕೊನೆಗೆ, ಅವರು ಬಂದಿದ್ದು ಆಗಸ್ಟಿಗೆ. ನಮಗೆ ಉಳಿದಿದ್ದು ಆ ಕೊನೆಯ ತಿಂಗಳಿನ ದಿನಗಳು ಮಾತ್ರ. ತಕರಾರಿನ ತೆರಿಗೆಯ ಶೇಕಡ 10, ಅಂದರೆ 18,000 ರೂಪಾಯಿ ಮೊದಲು ಕಟ್ಟಿದೆವು. ಅದನ್ನು ಕಟ್ಟಿದರೆ ಮೇಲ್ಮನವಿ ಮುಗಿಯುವವರೆಗೆ ಉಳಿದ ಮೊತ್ತದ ವಸೂಲಿ ನಿಲ್ಲುತ್ತದೆ. ಬಾಕ್ಸ್ ಮಾರಿದವರ ಹತ್ತಿರ ಹೋಗಿ ಪ್ರಮಾಣಪತ್ರ ಬರೆಸಿಕೊಂಡು ಬಂದೆವು.

ವಿಚಾರಣೆಯ ದಿನ ಅವರು ಬಿಲ್ಲಿನ ಫೈಲನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು. ಅಧಿಕಾರಿ ಒಂದೊಂದೇ ಬಿಲ್ಲು ತಿರುಗಿಸಿ, ಪ್ರಮಾಣಪತ್ರ ಓದಿ, "ಮಾಲು ಬಂದ ಲಾರಿ ರಸೀದಿ ಇದೆಯಾ?" ಅಂದರು. ಇತ್ತು. ಹತ್ತು ನಿಮಿಷವೂ ಆಗಲಿಲ್ಲ. ಬೇಡಿಕೆ ಪೂರ್ತಿ ಬಿಟ್ಟುಹೋಯಿತು.

ಮೇಲ್ಮನವಿಯ ಅವಧಿಯೂ ಮುಗಿದುಹೋಗಿದ್ದರೆ? ಆಗ ಹೈಕೋರ್ಟಿಗೆ ರಿಟ್ ಅರ್ಜಿ. ಬೇರೆ ದಾರಿ ಇದ್ದಾಗ ಹೈಕೋರ್ಟ್ ಸಾಮಾನ್ಯವಾಗಿ ಕೈ ಹಾಕುವುದಿಲ್ಲ. ಆದರೆ ಅಹವಾಲೇ ಕೇಳದಿದ್ದ ಪ್ರಕರಣಕ್ಕೆ ಆ ನಿಯಮ ಅಡ್ಡಿಯಲ್ಲ ಅಂತ ಸುಪ್ರೀಂ ಕೋರ್ಟ್ 1998ರ ವರ್ಲ್‌ಪೂಲ್ ತೀರ್ಪಿನಲ್ಲಿ ಹೇಳಿದೆ. ವಿಜಯಪುರದವರು ಕಲಬುರಗಿ ಪೀಠಕ್ಕೆ ಹೋಗಬೇಕು. ಕೊಲ್ಹಾರದ ಸೇತುವೆ ದಾಟಿ ಬಾಗಲಕೋಟೆ ಜಿಲ್ಲೆಗೆ ಕಾಲಿಟ್ಟರೆ ಧಾರವಾಡ ಪೀಠ. ಬೆಳಗಾವಿಗೂ ಅದೇ. ಖರ್ಚು, ಓಡಾಟ ಎರಡೂ ಜಾಸ್ತಿ, ಅಲ್ವಾ?

ಅದಕ್ಕೇ ಇವತ್ತು ಒಂದು ಸಣ್ಣ ಕೆಲಸ ಮಾಡಿ. ನಿಮ್ಮ ಜಿಎಸ್‌ಟಿ ನೋಂದಣಿಯಲ್ಲಿ ಯಾರ ಮೊಬೈಲ್ ನಂಬರ್, ಯಾರ ಇಮೇಲ್ ಇದೆ ನೋಡಿ. ಬೇರೆಯವರದಿದ್ದರೆ ಪೋರ್ಟಲ್‌ನಲ್ಲೇ ಬದಲಿಸಬಹುದು. ಒಟಿಪಿ ಬರುತ್ತದೆ, ಅಧಿಕಾರಿಯ ಒಪ್ಪಿಗೆಗೆ ಕಾಯಬೇಕಿಲ್ಲ.