ಕಾಯಿಲಿ ಬಿದ್ದೋರ ತಾಟಿನಾಗಿಂದ ಬ್ಯಾಳಿ ತಗೀಬ್ಯಾಡ್ರಿ

ನಮ್ಮ ಕಡೆ ಮನ್ಯಾಗ ಯಾರಾದ್ರೂ ಕಾಯಿಲಿ ಬಿದ್ರು ಅಂದ್ರ ತಾಟಿನಾಗಿಂದ ಮೊದ್ಲು ಹೋಗೋದು ಬ್ಯಾಳಿ. ಬ್ಯಾಳಿ ವಾಯು, ಶೇಂಗಾ ಪಿತ್ತ, ಕಾಳು ಜಡ, ಮೊಸರು ಥಂಡಿ, ಹಿಂಗ ಒಂದೊಂದ ತಗದು ತಗದು ಕೊನೀಗೆ ಉಳಿಯೋದು ಅಕ್ಕಿ ಗಂಜಿ, ತಿಳಿ ಸಾರು, ಬ್ರೆಡ್ಡು. ಎರಡ್ಮೂರು ದಿನದ ಜ್ವರಕ್ಕ ಇದು ನಡೀತೈತಿ. ಆದ್ರ ಟಿಬಿ, ಲಿವರ್ ತ್ರಾಸು, ಕ್ಯಾನ್ಸರ್, ದೊಡ್ಡ ಆಪರೇಷನ್ ಅಂತ ತಿಂಗಳಗಟ್ಲೆ ಎಳಿಯೋ ಕಾಯಿಲ್ಯಾಗೂ ಅದೇ ಪಥ್ಯ ನಡಸ್ತಾರಲ್ಲ, ಅಲ್ಲೇ ಪೆಟ್ಟು ಬೀಳೋದು. ಮೊಟ್ಟಿ ಮಾಂಸ ತಿನ್ನೋ ಮನ್ಯಾಗ ಡಾಕ್ಟರ್ ಹೇಳಿದ್ರ ಒಂದೆರಡು ಮೊಟ್ಟಿನಾದ್ರೂ ಕೊಡ್ತಾರ, ತಿನ್ನದ ಮನ್ಯಾಗ ಬ್ಯಾಳಿ ಕಾಳು ತಗದ್ರ ಪ್ರೋಟೀನ್ ಬರೋ ದಾರಿನೇ ಬಂದ್ ಆಗ್ತೈತಿ.

ಮೈಯಾಗ ಇನ್ಫೆಕ್ಷನ್ ಹೊಕ್ಕಾಗ ಅದರ ಜೋಡಿ ಹೊಡದಾಡೋ ಬಿಳಿ ರಕ್ತಕಣ ಮಾಡ್ಬೇಕು, ಆಂಟಿಬಾಡಿ ಮಾಡ್ಬೇಕು, ಲಿವರ್ ಬ್ಯಾರೆ ಕೆಲವು ಪ್ರೋಟೀನ್ ಅರ್ಜೆಂಟಾಗಿ ತಯಾರು ಮಾಡ್ಬೇಕು, ಇದಕ್ಕೆಲ್ಲಾ ಬೇಕಾಗೋದು ಅಮೈನೋ ಆಮ್ಲ, ಅಂದ್ರ ಪ್ರೋಟೀನ್ ಕಟ್ಟೋ ಇಟ್ಟಿಗಿ. ಕೊಬ್ಬು ಕೂಡಿಡಾಕ ಮೈಯಾಗ ಜಾಗ ಐತಿ, ಪ್ರೋಟೀನ್ ಕೂಡಿಡಾಕ ಬ್ಯಾರೆ ಗೋದಾಮು ಇಲ್ಲ, ತೋಳು ತೊಡಿ ಮಾಂಸಖಂಡಾನೇ ಅದರ ಗೋದಾಮು. ಊಟದಾಗ ಬರ್ಲಿಲ್ಲಂದ್ರ ಮೈ ಅದನ್ನೇ ಕರಗಿಸಿ ತಗೊಳ್ತೈತಿ. ಮ್ಯಾಲೆ ಹಾಸಿಗಿ ಹಿಡದ್ರಂತೂ ಇನ್ನೂ ಜಲ್ದಿ ಕರಗ್ತೈತಿ. ಟಿಬಿ ಪೇಶಂಟಿನ ಕೆನ್ನಿ ಒಳಗ ಹೋಗಿ, ಎದಿ ಎಲುಬು ಎದ್ದು ಕಾಣ್ತಾವಲ್ಲ, ಅದರಾಗ ರೋಗದ ಪಾಲು ಎಷ್ಟೋ, ಊಟದ ಪಾಲೂ ಐತಿ.

ಲೆಕ್ಕಕ್ಕ ಬಂದ್ರ, ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ 2020ರಾಗ ಹೇಳಿದ್ದು ಆರೋಗ್ಯವಂತ ಮನಷಾಗ ತೂಕದ ಕೆಜಿಗೆ ದಿನಕ್ಕ 0.83 ಗ್ರಾಂ ಪ್ರೋಟೀನ್. ಕಾಯಿಲಿ ಇದ್ದಾಗ ಸಾಮಾನ್ಯವಾಗಿ 1.2ರಿಂದ 1.5 ಗ್ರಾಂ ಬೇಕಾಗ್ತೈತಿ, ಅಂದ್ರ 50 ಕೆಜಿ ಹೆಣ್ಣುಮಗಳಿಗೆ 60 ಗ್ರಾಂ ಕಡಿಮಿ ಇಲ್ಲ. ಈಗ ಗಂಜಿ ನೋಡ್ರಿ: ಒಂದು ಬಟ್ಟಲ ಗಂಜಿಗೆ 30 ಗ್ರಾಂ ಅಕ್ಕಿ ಬಿದ್ರ ಅದರಾಗ ಪ್ರೋಟೀನ್ ಎರಡೂವರೆ ಗ್ರಾಂ ಸೈತ ಇರಲ್ಲ, ಮೂರು ಹೊತ್ತು ಕುಡದ್ರೂ 7 ಗ್ರಾಂ. ತಿಳಿ ಸಾರಿಂದೂ ಅದೇ ಕಥಿ. ಹೋಳಿಗಿ ಮಾಡಿದ ದಿನ ಬ್ಯಾಳಿ ಬಸದು ಕಟ್ಟಿನ ಸಾರು ಮಾಡ್ತೀವಲ್ಲ, ರುಚಿ ಏನೋ ಭಾರಿ ಇರ್ತೈತಿ, ಆದ್ರ ಪ್ರೋಟೀನ್ ಬಹುತೇಕ ಹೂರಣದಾಗ ಉಳಿದಿರ್ತೈತಿ. ಪೇಶಂಟಿಗೆ ಮ್ಯಾಲಿನ ತಿಳಿ ಹಾಕಿ ತಳದ ಗಟ್ಟಿ ಉಳದೋರು ಉಂಡ್ರ ಔಷಧ ಇದ್ದಿದ್ದು ಉಳದೋರ ಹೊಟ್ಟಿಗೆ ಹೋದಂಗ.

ಹಂಗಂತ ನಮ್ಮ ಜೋಳದ ರೊಟ್ಟಿನ ಕಡಿಮಿ ಅನ್ಬ್ಯಾಡ್ರಿ. 100 ಗ್ರಾಂ ಜೋಳದಾಗ 10 ಗ್ರಾಂ ಹತ್ರ ಪ್ರೋಟೀನ್ ಐತಿ, ಅಕ್ಕಿಗಿಂತ ಜಾಸ್ತಿ. ಕೊರತಿ ಇರೋದು ಲೈಸಿನ್ ಅನ್ನೋ ಅಮೈನೋ ಆಮ್ಲದ್ದು: ಒಂದು ಗ್ರಾಂ ಪ್ರೋಟೀನಿಗೆ 45 ಮಿಲಿಗ್ರಾಂ ಬೇಕು ಅಂತ ಲೆಕ್ಕ, ಜೋಳದಾಗ ಅದರ ಅರ್ಧದಷ್ಟೇ ಐತಿ. ತೊಗರಿ, ಹೆಸರು, ಮಡಕಿ, ಹುಳ್ಳಿ, ಕಡ್ಲಿ ಇವುದ್ರಾಗ ಲೈಸಿನ್ ಭರ್ತಿ ಐತಿ, ಅವುಕ್ಕ ಕಡಿಮಿ ಇರೋ ಮೆಥಿಯೋನಿನ್ ಅನ್ನೋ ಇನ್ನೊಂದು ಅಮೈನೋ ಆಮ್ಲ ಜೋಳದಾಗ ಸಿಗ್ತೈತಿ. ಒಂದೇ ತುತ್ತಿನಾಗ ಎರಡೂ ಇರ್ಬೇಕಂತೇನಿಲ್ಲ, ಬೆಳಿಗ್ಗೆ ಕಾಳು ರಾತ್ರಿ ರೊಟ್ಟಿ ಆದ್ರೂ ಮೈ ಕೂಡಿಸ್ಕೊಳ್ತೈತಿ. ಇನ್ನೊಂದು, ಜೋಳದ ಪ್ರೋಟೀನ್ ನೀರಾಗ ಬೆಂದಾಗ ಒಂದಕ್ಕೊಂದು ಬಿಗದು ಪಚನ ಆಗೋದು ಕಡಿಮಿ ಆಗ್ತೈತಿ, ಹಿಟ್ಟು ಹುಳಿ ಬರ್ಸಿದ್ರ ಅದು ಸುಧಾರಿಸ್ತೈತಿ, ಹಂಗಾಗಿ ಹಲ್ಲಿಲ್ಲದೋರಿಗೆ, ಬಾಯಿ ಹುಣ್ಣಾದೋರಿಗೆ ಜೋಳದ ಹುಳಿ ಅಂಬಲಿ ಕೊಡೋದು ಭಾಳ ಒಳ್ಳೇದು, ಜೋಡಿ ಗಟ್ಟಿ ಬ್ಯಾಳಿ ಇರ್ಲಿ.

ಕುಷ್ಟಗಿ ಹತ್ರ ನಮ್ಮ ದೊಡ್ಡವ್ವಗ ಟಿಬಿ ಆದಾಗ ಸೊಸಿ ಸೌಟು ಹಿಡ್ಕೊಂಡು "ಅತ್ತಿ, ಬ್ಯಾಳಿ ಹಾಕ್ಲೇನ್ರಿ" ಅಂತ ಕೇಳೋದು, ಈಕಿ "ಬ್ಯಾಡವಾ, ವಾಯು ಆಗ್ತೈತಿ, ಒಂದೀಟು ತಿಳಿ ಹಾಕು" ಅನ್ನೋದು. ಕೊನೀಗೆ ಅಡಗಿಮನಿ ತಕ್ಕಡ್ಯಾಗ ತೂಗಿ ನೋಡಿದ್ವಿ. ನಾಕು ರೊಟ್ಟಿಗೆ 200 ಗ್ರಾಂ ಹಿಟ್ಟು, ಅಂದ್ರ 20 ಗ್ರಾಂ ಪ್ರೋಟೀನ್. 60 ಗ್ರಾಂ ಬ್ಯಾಳಿ ಗಟ್ಟಿಯಾಗಿ ಮಾಡಿದ್ರ 13. ಒಂದು ಹಿಡಿ ಮಡಕಿ ಕಾಳು ಮೊಳಕಿ ಬರ್ಸಿ ಪಲ್ಯ ಮಾಡಿದ್ರ 6. ಶೇಂಗಾ ಹಿಂಡಿ (ಚಟ್ನಿಪುಡಿ) ಧಾರಾಳ ಹಾಕ್ಕೊಂಡು 40 ಗ್ರಾಂ ಶೇಂಗಾ ಹೊಟ್ಟಿಗೆ ಹೋದ್ರ 9 ದಾಟ್ತೈತಿ. ಇಷ್ಟಕ್ಕ 48 ಆತು, ಉಳದ 12ಕ್ಕ ದಿನಕ್ಕ 25 ಗ್ರಾಂ ಸೋಯಾ ಚಂಕ್ಸ್ ಸಾಕು, ಹಾಲು ಮೊಸರು ನಡಿಯೋರಿಗೆ ಮೂರು ಬಟ್ಟಲ ಗಟ್ಟಿ ಮಜ್ಜಿಗಿ ಮೊಸರು ಆದ್ರೂ ಆತು. ಒಮ್ಮೆಲೆ ಇಷ್ಟು ತಿನ್ನಾಕ ಆಗ್ಲಿಲ್ಲ, ಐದಾರು ಸಲ ಸ್ವಲ್ಪ ಸ್ವಲ್ಪ ಕೊಡ್ಬೇಕಾತು.

ವಾಯು ಅನ್ನೋದು ಸುಳ್ಳೇನಲ್ಲ. ಕಾಳಿನಾಗ ಇರೋ ರಾಫಿನೋಸ್ ಅಂಥಾ ಸಕ್ಕರಿ ನಮಗ ಪಚನ ಆಗಲ್ಲ, ದೊಡ್ಡ ಕರುಳಿನಾಗ ಬ್ಯಾಕ್ಟೀರಿಯಾ ಅದನ್ನ ತಿಂದು ಗ್ಯಾಸ್ ಮಾಡ್ತಾವ. ರಾತ್ರಿ ನೆನಸಿಟ್ಟು ಆ ನೀರು ಚೆಲ್ಲಿದ್ರ, ಮೊಳಕಿ ಬರ್ಸಿದ್ರ ಅದು ಭಾಳ ಕಡಿಮಿ ಆಗ್ತೈತಿ. ಮೊದ್ಲು ಹೆಸರು ಬ್ಯಾಳಿಯಿಂದ ಶುರು ಮಾಡಿ ವಾರ ಎರಡು ವಾರದಾಗ ನಿಧಾನಕ್ಕ ಏರಿಸ್ರಿ, ಹೊಟ್ಟಿ ಒಗ್ಗಿಸ್ಕೊಳ್ತೈತಿ.

ಪುಟಾಣಿ ಬಗ್ಗೆ ಒಂದ್ಮಾತು. ಒಗ್ಗರಣಿ ಮಂಡಕ್ಕಿ ಮ್ಯಾಲೆ ಉದುರಿಸ್ತೀವಲ್ಲ ಪುಟಾಣಿ ಪುಡಿ, ಅದು ಹುರದ ಕಡ್ಲಿನೇ. ಜಾರ್ಖಂಡದಾಗ ನಡದ ರೇಷನ್ಸ್ ಅನ್ನೋ ಅಧ್ಯಯನದಾಗ 2,800 ಟಿಬಿ ಪೇಶಂಟಿಗೆ ತಿಂಗಳಾ ತಿಂಗಳಾ ಕೊಟ್ಟಿದ್ದು ಅಕ್ಕಿ, ಹುರದ ಕಡ್ಲಿ ಹಿಟ್ಟು, ಹಾಲಿನ ಪುಡಿ, ಎಣ್ಣಿ, ಜೋಡಿ ವಿಟಮಿನ್ ಗುಳಿಗಿ. ಇದನ್ನ ಮುಂದ ನಿಂತು ನಡಸಿದ್ದು ಮಂಗಳೂರಿನ ಯೆನೆಪೋಯ ಮೆಡಿಕಲ್ ಕಾಲೇಜಿನ ಡಾ. ಅನುರಾಗ್ ಭಾರ್ಗವ, ವರದಿ ಬಂದಿದ್ದು 2023ರಾಗ. ಅದೇ ಅಧ್ಯಯನದಾಗ ಪೇಶಂಟಿನ ಮನಿಮಂದಿಗೆ ಅಕ್ಕಿ ಬ್ಯಾಳಿ, ಜೋಡಿ ವಿಟಮಿನ್ ಗುಳಿಗಿ ಕೊಟ್ಟಿದ್ದಕ್ಕ ಅವರಿಗೆ ಟಿಬಿ ಬರೋದು ಶೇಕಡಾ 39 ಕಡಿಮಿ ಆತು. ಊಟ ಸುಧಾರಿಸಿದ್ದಕ್ಕ! ಇದನ್ನ ಓದಿದಾಗಿಂದ ನನಗ ಸಿಕ್ಕಸಿಕ್ಕೋರಿಗೆಲ್ಲಾ ಹೇಳ್ಬೇಕು ಅನಸ್ತೈತಿ. ಸರ್ಕಾರ ನಿಕ್ಷಯ್ ಪೋಷಣ್ ಯೋಜನ್ಯಾಗ ಟಿಬಿ ಪೇಶಂಟಿಗೆ ತಿಂಗಳಿಗೆ 1000 ರೂಪಾಯಿ ಹಾಕ್ತೈತಿ, 2024ರ ನವೆಂಬರ್ ತನಕ 500 ಇತ್ತು. ಆ ರೊಕ್ಕ ಶೇಂಗಾ, ಪುಟಾಣಿ, ಬ್ಯಾಳಿಗೆ ಹೋಗ್ಲಿ, ಪ್ರೋಟೀನ್ ಪೌಡರ್ ಡಬ್ಬಿಗೆ ಬ್ಯಾಡ, ಎಷ್ಟೋ ಡಬ್ಬ್ಯಾಗ ಸಕ್ಕರಿನೇ ಜಾಸ್ತಿ ಇರ್ತೈತಿ, ಹಿಂದ ಬರದಿದ್ದು ಓದಿ ನೋಡ್ರಿ. ಶೇಂಗಾ ಮಾತ್ರ ಬೂಷ್ಟು ಹಿಡದಿದ್ರ ಹುರದು ತಿಂತೀನಿ ಅನ್ಬ್ಯಾಡ್ರಿ, ಅದರಾಗಿನ ಅಫ್ಲಾಟಾಕ್ಸಿನ್ ವಿಷ ಹುರದ್ರೂ ಪೂರ್ತಿ ಹೋಗಲ್ಲ, ಲಿವರಿಗೆ ಅದು ವೈರಿ.

ಲಿವರ್ ಸಿರೋಸಿಸ್ (ಲಿವರ್ ಗಟ್ಟಿಯಾಗಿ ಕೆಡೋ ಕಾಯಿಲಿ) ಆದೋರಿಗೆ ಹಿಂದ ಡಾಕ್ಟರುಗಳೇ ಪ್ರೋಟೀನ್ ಬಿಡಸ್ತಿದ್ರು, ತಲಿಗೆ ಏರಿ ಮಂಪರು ಬರ್ತೈತಿ ಅಂತ. ಈಗ ಅದು ತಿರುಗಿ ಬಿದ್ದೈತಿ, ಅವರಿಗೂ 1.2ರಿಂದ 1.5 ಗ್ರಾಂ ಬೇಕು, ಅದರಾಗೂ ಬ್ಯಾಳಿ ಕಾಳಿನ ಪ್ರೋಟೀನ್ ಮಾಂಸಕ್ಕಿಂತ ಚೊಲೋ ಸಹಿಸ್ತೈತಿ, ಮಲಗೋ ಮುಂಚೆ ಸ್ವಲ್ಪ ಏನಾರ ತಿನ್ನಬೇಕು. ಕಿಡ್ನಿ ಕಾಯಿಲಿ ಮಾತ್ರ ಬ್ಯಾರೆ: ಡಯಾಲಿಸಿಸ್ ಶುರು ಆಗದ ಕೆಲವರಿಗೆ ಪ್ರೋಟೀನ್ ಕೆಜಿಗೆ 0.6 ಗ್ರಾಂ ಸುಮಾರಿಗೆ ಇಳಸ್ತಾರ, ಡಯಾಲಿಸಿಸ್ ಶುರು ಆದ್ರ ಮತ್ತ 1ರಿಂದ 1.2ಕ್ಕ ಏರಸ್ತಾರ. ಹಂಗಾಗಿ ಕಿಡ್ನಿ ತ್ರಾಸಿದ್ದೋರು ಮ್ಯಾಲಿನ ಲೆಕ್ಕ ನೋಡಿ ತಾಟು ತುಂಬಿಸ್ಬ್ಯಾಡ್ರಿ, ಡಾಕ್ಟರನ್ನ ಕೇಳೇ ಮಾಡ್ರಿ. ಬಿ12 ಅನ್ನೋ ವಿಟಮಿನ್ ಗಿಡದ ಊಟದಾಗ ಸಿಗಲ್ಲ, ಹಾಲೂ ಬಿಟ್ಟೋರು, ಸಕ್ಕರಿ ಕಾಯಿಲಿಗೆ ಮೆಟ್‌ಫಾರ್ಮಿನ್ ನುಂಗೋರು ಅದನ್ನ ಟೆಸ್ಟ್ ಮಾಡಿಸ್ಕೊಳ್ರಿ.

ತೂಕ ತಿಂಗಳಿಗೊಮ್ಮೆ ಒಂದೇ ತಕ್ಕಡ್ಯಾಗ ನೋಡಿ ಬರದಿಡ್ರಿ. ಜಾರ್ಖಂಡದ ಪೇಶಂಟುಗಳಾಗ ಮೊದಲ ಎರಡು ತಿಂಗಳಿನಾಗ ತೂಕ ಶೇಕಡಾ 5 ಏರಿದೋರಿಗೆ ಸಾವಿನ ಅಪಾಯ ಶೇಕಡಾ 61 ಕಡಿಮಿ ಇತ್ತು. 40 ಕೆಜಿ ಇದ್ದೋರಿಗೆ ಅದು ಬರೇ 2 ಕೆಜಿ. ಎರಡು ತಿಂಗಳಾದ್ರೂ ಮುಳ್ಳು ಏರದಿದ್ರ ಗುಳಿಗಿ ತಗೊಳ್ಳಾಕ ಹೋದಾಗ ಅದನ್ನೇ ಮೊದ್ಲು ಹೇಳ್ರಿ.