ರವೇಲ್‌ನ ‘ಮಾ ಮೇರ್ ಲ್ವಾ’: ಕಥೆ ಗೊತ್ತಿದ್ದು ಕೇಳುವುದು ಹೇಗೆ

ಕಿನ್ನರಿ ಕಥೆಗಳಿಂದ ಹುಟ್ಟಿದ ಪಾಶ್ಚಾತ್ಯ ಸಂಗೀತವನ್ನು ಕೇಳಲು ಹೊರಟವರು ಫ್ರೆಂಚ್ ಸಂಗೀತ ರಚನಕಾರ ಮೊರಿಸ್ ರವೇಲ್‌ನ ‘ಮಾ ಮೇರ್ ಲ್ವಾ’ (‘ತಾಯಿ ಹೆಬ್ಬಾತು’) ಕೃತಿಯಿಂದ ಶುರುಮಾಡಿ. ಗೆಳೆಯರಾದ ಗೊಡೆಬ್ಸ್‌ಕಿ ದಂಪತಿಯ ಇಬ್ಬರು ಮಕ್ಕಳಿಗಾಗಿ, ಒಂದೇ ಪಿಯಾನೊ ಮುಂದೆ ಇಬ್ಬರು ಕೂತು ನುಡಿಸುವಂತೆ ಬರೆದದ್ದು. 1910ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ಪ್ರದರ್ಶನ, 1911ರಲ್ಲಿ ಆರ್ಕೆಸ್ಟ್ರಾ ರೂಪ.

ಮೊದಲು ಆವೃತ್ತಿ ನೋಡಿಕೊಳ್ಳಿ, ಹೆಚ್ಚಿನವರು ದಾರಿ ತಪ್ಪುವುದು ಇಲ್ಲೇ. ಸೂಟ್‌ನಲ್ಲಿ (ಬಿಡಿ ತುಣುಕುಗಳ ಸರಣಿ) ಐದು ಭಾಗ, ಸುಮಾರು 16 ನಿಮಿಷ. ಬ್ಯಾಲೆ ರೂಪ ಅರ್ಧ ಗಂಟೆಯ ಹತ್ತಿರ. ಅದರಲ್ಲಿ ಮುನ್ನುಡಿ, ರಾಟೆಯ ನೃತ್ಯ ಸೇರಿವೆ, ಭಾಗಗಳ ಕ್ರಮವೂ ಬೇರೆ. ಸೂಟ್‌ನ ಪಟ್ಟಿ ಹಿಡಿದು ಬ್ಯಾಲೆ ಕೇಳಿದರೆ ಯಾವ ಕಥೆ ನಡೆಯುತ್ತಿದೆ ಎಂದೇ ತಿಳಿಯದು.

ಸೂಟ್‌ನ ನಾಲ್ಕನೆಯ ಭಾಗ ಮೊದಲು ಕೇಳಿ: ಸುಂದರಿ ಮತ್ತು ಮೃಗದ ಮಾತುಕತೆ. ಸುಂದರಿಗೆ ಕ್ಲಾರಿನೆಟ್, ನಿಧಾನ ವಾಲ್ಟ್ಸ್ (ಮೂರೆಣಿಕೆಯ ನೃತ್ಯ). ಮೃಗಕ್ಕೆ ಕಾಂಟ್ರಾಬಸೂನ್ ಎಂಬ ಅತಿ ಮಂದ್ರದ ಊದುವಾದ್ಯ, ಆರ್ಕೆಸ್ಟ್ರಾದ ತಳದಲ್ಲಿ ಗೊಗ್ಗರು ದನಿಯಲ್ಲಿ ತೆವಳುತ್ತದೆ. ಫೋನಿನ ಸ್ಪೀಕರ್‌ನಲ್ಲಿ ಈ ಮಂದ್ರ ಮಾಯವಾಗಿಬಿಡುತ್ತದೆ, ಹೆಡ್‌ಫೋನ್ ಬೇಕೇ ಬೇಕು. ಆಮೇಲೆ ಎರಡೂ ರಾಗಗಳು ಒಟ್ಟಿಗೆ ಬಂದು, ಏರಿ, ಒಮ್ಮೆಲೇ ಮೌನ. ಹಾರ್ಪ್‌ನ ತಂತಿಗಳ ಮೇಲೆ ಬೆರಳು ಸರ್ರನೆ ಜಾರುತ್ತದೆ. ಮುಂದೆ ಒಂಟಿ ವಯಲಿನ್ ತಾರದಲ್ಲಿ ನುಡಿಸುವುದು ಹೊಸ ರಾಗವಲ್ಲ, ಮೃಗದ್ದೇ ರಾಗ. ಶಾಪ ಕಳೆದು ರಾಜಕುಮಾರ ಎದ್ದು ನಿಂತಿದ್ದಾನೆ! ಒಂದೂ ಮಾತಿಲ್ಲದೆ ಇಷ್ಟು ಸ್ಪಷ್ಟವಾಗಿ ಕಥೆ ಹೇಳಿದ ನಾಲ್ಕು ನಿಮಿಷಗಳು ಅಪರೂಪ. ಕಾಂಟ್ರಾಬಸೂನ್ ಗುರುತು ಸಿಗದಿದ್ದರೆ ಈ ತಿರುವೂ ಕೈತಪ್ಪುತ್ತದೆ. ಆ ರಾಗವನ್ನು ಗುನುಗುವಷ್ಟು ಸಲ ಕೇಳಿ.

ನಂತರ ಎರಡನೆಯದು, ಫ್ರೆಂಚ್ ಕಥೆಗಾರ ಪೆರೋನ ಕಥೆಯ ಪುಟಾಣಿ ಹುಡುಗ ಕಾಡಿನಲ್ಲಿ ದಾರಿ ತಪ್ಪುವುದು. ಆರಂಭದಲ್ಲಿ ತಾಳ ಹಾಕಲು ನೋಡಿ, ಕೈ ತಪ್ಪುತ್ತದೆ: ಒಂದೊಂದು ಬಾರ್‌ಗೆ (ತಾಳದ ಆವರ್ತಕ್ಕೆ) 2, 3, 4, 5 ಎಂದು ಎಣಿಕೆ ಬೆಳೆಯುತ್ತಾ ಹೋಗುತ್ತದೆ. ಹುಡುಗನ ಅಲೆದಾಟ ಇದೇ. ನಡುವೆ ವಯಲಿನ್ ಮತ್ತು ಪಿಕೊಲೊ ಎಂಬ ಪುಟ್ಟ ಕೊಳಲಿನ ಚಿಲಿಪಿಲಿ ಬಂದರೆ, ದಾರಿ ಗುರುತಿಗೆಂದು ಅವನು ಚೆಲ್ಲಿದ ರೊಟ್ಟಿಚೂರನ್ನು ಹಕ್ಕಿಗಳು ತಿನ್ನುತ್ತಿವೆ ಎಂದರ್ಥ.

ಮೂರನೆಯದರಲ್ಲಿ ಪಗೋಡಗಳೆಂಬ ಪುಟ್ಟ ಬೊಂಬೆಜೀವಿಗಳ ರಾಣಿಯ ಸ್ನಾನ. ರಾಗ ಹೆಚ್ಚಾಗಿ ಪಿಯಾನೊದ ಕಪ್ಪು ಮನೆಗಳ ಮೇಲೆ. ಆ ಐದು ಸ್ವರಗಳನ್ನು ಎಫ್ ಶಾರ್ಪ್‌ನಿಂದ ಎಣಿಸಿದರೆ ನಮ್ಮ ಮೋಹನದ ಸ ರಿ ಗ ಪ ದ. ಹೋಲಿಕೆ ಸ್ವರಗಳಿಗಷ್ಟೇ, ಗಮಕ ಹುಡುಕಬೇಡಿ.

ಒಂದು ಮತ್ತು ಐದರಲ್ಲಿ ಘಟನೆಗಳಿಲ್ಲ. ಮೊದಲನೆಯದು ನಿದ್ರಿಸುವ ಸುಂದರಿಯ ಪವಾನ್ (ನಿಧಾನಗತಿಯ ಹಳೆಯ ನೃತ್ಯ), ಬರೀ 20 ಬಾರ್. ಕೊನೆಯದು ಕಿನ್ನರಿ ತೋಟ, ಮೆಲ್ಲನೆ ತುಂಬಿಕೊಳ್ಳುತ್ತದೆ. ಆರ್ಕೆಸ್ಟ್ರಾ ಪರಿಚಯವಾದ ಮೇಲೆ ಮೂಲ ಪಿಯಾನೊ ರೂಪ ಕೇಳಿ. ಅಲ್ಲಿ ಮೃಗ ಇರುವುದು ಎಡಗಡೆ ಕೂತವರ ಕೈಯಲ್ಲಿ.