ತೋಟದ ಅಜ್ಜಿಗೆ ವಯಸ್ಸೆಷ್ಟು? ಪಿಂಚಣಿ ಮತ್ತು ಕಾರ್ಡುಗಳ ಹಿನ್ನೆಲೆ

ಮೂಡಿಗೆರೆ ಕಡೆಯ ಯಾವುದೇ ನಾಡಕಚೇರಿಗೆ ಹೋಗಿ. ಪ್ಲಾಸ್ಟಿಕ್ ಕವರ್ ಹಿಡಿದ ಹಿರಿಯರು ಕಾದು ಕೂತಿರುತ್ತಾರೆ. ಕವರಿನೊಳಗೆ ಆಧಾರ್, ರೇಷನ್ ಕಾರ್ಡ್, ವೋಟರ್ ಐಡಿ, ಪಾಸ್‌ಬುಕ್. ಕೇಳುವುದು ಒಂದೇ: "ಈ ತಿಂಗಳೂ ದುಡ್ಡು ಬಂದಿಲ್ಲ, ಯಾಕೆ?"

1995ರ ಆಗಸ್ಟ್ 15ರಂದು ಕೇಂದ್ರದ ಸಾಮಾಜಿಕ ನೆರವು ಕಾರ್ಯಕ್ರಮ ಶುರುವಾದಾಗ ವೃದ್ಧಾಪ್ಯ ವೇತನಕ್ಕೆ ಕೇಂದ್ರದ ಪಾಲು ತಿಂಗಳಿಗೆ 75 ರೂಪಾಯಿ. 2006ರಲ್ಲಿ ಅದು 200 ಆಯಿತು. 80 ದಾಟದವರಿಗೆ ಆಮೇಲೆ ಏರಲೇ ಇಲ್ಲ. ಉಳಿದದ್ದನ್ನು ರಾಜ್ಯ ತುಂಬುತ್ತಾ ಬಂದಿದೆ. 65 ದಾಟಿದವರಿಗೆ 2007ರಲ್ಲಿ ಬಂದ ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 400 ರೂಪಾಯಿಯದು. 2021ರಲ್ಲಿ ಅದು 1,200ಕ್ಕೆ ಏರಿತು.

ಅಂಗವಿಕಲ ವೇತನದ್ದು ಇನ್ನೊಂದು ಕಥೆ. 1995ರ ಕಾಯ್ದೆಯಲ್ಲಿ 7 ಬಗೆಯ ವೈಕಲ್ಯಗಳಿದ್ದವು, 2016ರ ಕಾಯ್ದೆಯಲ್ಲಿ 21. ಈಗ ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ, ಬೇಕೇ ಬೇಕು. ಅದಕ್ಕೆ ವೈಕಲ್ಯ ಶೇಕಡಾ ಎಷ್ಟು ಅಂತ ಡಾಕ್ಟರು ಬರೆಯಬೇಕು. ರಾಜ್ಯದ ವೇತನಕ್ಕೆ ಶೇ 40 ಸಾಕು, ಕೇಂದ್ರದ್ದಕ್ಕೆ ಶೇ 80 ಇರಬೇಕು. ಕಾರ್ಡ್ ಕೈಗೆ ಬಂದರೆ ವೇತನ ತಾನಾಗಿ ಬರುತ್ತದೆ ಅಂತ ನಂಬಿ ಕಾಯುವವರು ಬಹಳ. ಹಾಗಲ್ಲ. ವೇತನ ಕೊಡುವುದು ಕಂದಾಯ ಇಲಾಖೆ, ಅದಕ್ಕೆ ಬೇರೆಯೇ ಅರ್ಜಿ ಹಾಕಬೇಕು. 60 ತುಂಬಿದವರ ಹಿರಿಯ ನಾಗರಿಕರ ಕಾರ್ಡೂ ಅಷ್ಟೇ. ಸರ್ಕಾರಿ ಬಸ್ಸಿನಲ್ಲಿ ಶೇ 25 ರಿಯಾಯಿತಿ ಸಿಗುತ್ತದೆ, ಪಿಂಚಣಿ ಅಲ್ಲ.

ಮೊತ್ತಕ್ಕಿಂತ ಜಾಸ್ತಿ ಬದಲಾದದ್ದು ದುಡ್ಡು ಬರುವ ದಾರಿ. ಮೊದಲು ಪೋಸ್ಟ್‌ಮ್ಯಾನ್ ಮನಿಯಾರ್ಡರ್ ತರುತ್ತಿದ್ದ. ಕಾಫಿ ತೋಟದ ಕೆಲಸಗಾರರ ಲೈನ್ ಮನೆಯ ಬಾಗಿಲಲ್ಲೇ ಅಜ್ಜಿ ಹೆಬ್ಬೆಟ್ಟು ಒತ್ತುತ್ತಿದ್ದಳು. ಚೀಟಿಯಲ್ಲಿ ಹೆಸರು ಲಕ್ಷ್ಮಮ್ಮ ಅಂತಿರಲಿ, ಲಕ್ಷ್ಮಿ ಅಂತಿರಲಿ, ಅವನಿಗೆ ಮುಖ ಗೊತ್ತಿತ್ತು. ಆಗ ದುಡ್ಡು ತಡವಾಗುತ್ತಿತ್ತು, ಪೂರ್ತಿ ಕೈಸೇರದ ದೂರುಗಳೂ ಇದ್ದವು. ಅದು ನಿಜ. ಈಗ ಹಣ ನೇರ ಖಾತೆಗೆ ಬೀಳುತ್ತದೆ. ಆದರೆ ಖಾತೆಗೆ ಆಧಾರ್ ನಂಬರ್ ಕೊಟ್ಟರಷ್ಟೇ ಸಾಲದು, ಎನ್‌ಪಿಸಿಐ ಮ್ಯಾಪಿಂಗ್ ಆಗಿರಬೇಕು, ಅಂದರೆ ಆ ಆಧಾರ್‌ಗೆ ಬರುವ ಸರ್ಕಾರಿ ದುಡ್ಡು ಯಾವ ಬ್ಯಾಂಕಿಗೆ ಹೋಗಬೇಕು ಅಂತ ದಾಖಲಾಗಿರಬೇಕು. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದರೆ, ಕೊನೆಗೆ ಮ್ಯಾಪ್ ಆದ ಖಾತೆಗೆ ದುಡ್ಡು ಹೋಗುತ್ತದೆ. ಯಾವುದೋ ಸಾಲಕ್ಕೆಂದು ಹೊಸ ಖಾತೆ ತೆರೆದವರು ಹಳೇ ಪಾಸ್‌ಬುಕ್ ಹಿಡಿದು ತಿಂಗಳುಗಟ್ಟಲೆ ಅಲೆಯುವುದನ್ನು ನೋಡಿದ್ದೇನೆ. ಎಷ್ಟೋ ಸಲ ಪಿಂಚಣಿ ನಿಂತಿರುವುದೇ ಇಲ್ಲ, ಬೇರೆ ಕಡೆ ಬಿದ್ದಿರುತ್ತದೆ. ನಾಡಕಚೇರಿಗೆ ಹೋಗುವ ಮೊದಲು ಬ್ಯಾಂಕಿನಲ್ಲಿ ಇದೊಂದನ್ನು ಕೇಳಿ.

ಇನ್ನು ವಯಸ್ಸಿನ ತೊಡಕು. ಕಾಫಿ ತೋಟದಲ್ಲಿ ಹುಟ್ಟಿ ಅಲ್ಲೇ ಬೆಳೆದ ಎಷ್ಟೋ ಜನರಿಗೆ ಜನನ ಪತ್ರ ಇಲ್ಲ. ಆಧಾರ್‌ನಲ್ಲಿ ಅಂದಾಜಿಗೆ ಬರೆಸಿದ ಜನವರಿ 1. ವೋಟರ್ ಐಡಿಯಲ್ಲಿ ಇನ್ನೊಂದು ವಯಸ್ಸು. ತೋಟದ ಪಿಎಫ್ ದಾಖಲೆಯಲ್ಲಿ ಮತ್ತೊಂದು. ಪಿಎಫ್ ಪಿಂಚಣಿಗೆ 58, ವೃದ್ಧಾಪ್ಯ ವೇತನಕ್ಕೆ 60, ಸಂಧ್ಯಾ ಸುರಕ್ಷಾಗೆ 65 ತುಂಬಿರಬೇಕು. ನಾಲ್ಕೈದು ವರ್ಷದ ವ್ಯತ್ಯಾಸ ಅಂದರೆ ಅಷ್ಟು ವರ್ಷದ ದುಡ್ಡು ಹೋದ ಹಾಗೆ. ಆಧಾರ್‌ನಲ್ಲಿ ಹುಟ್ಟಿದ ದಿನ ತಿದ್ದಿಸಲು ಸಾಮಾನ್ಯವಾಗಿ ಒಂದೇ ಅವಕಾಶ. ಅದಕ್ಕೂ ದಾಖಲೆ ಕೇಳುತ್ತಾರೆ. ಆ ದಾಖಲೆ ಇದ್ದಿದ್ದರೆ ಅಂದಾಜಿಗೆ ಬರೆಸುವ ಪ್ರಮೇಯವೇ ಬರುತ್ತಿರಲಿಲ್ಲ, ಅಲ್ವಾ?